ಅವ್ವ ಫೋನಿನ್ಯಾಗ ಅದಾಳ

ರಾಯಚೂರಿನಿಂದ ಮಾನ್ವಿ ಕಡೆ ಹೊರಟ ಬಸ್ಸು ನೀರಮಾನ್ವಿಯಲ್ಲಿ ನಿಂತಾಗ ಮೊದಲು ಮೂಗಿಗೆ ಬಡಿಯುವುದು ಮಿರ್ಚಿ ಕರಿಯುವ ಎಣ್ಣೆಯ ವಾಸನೆ. ಮೊದಲು ಕಿವಿಗೆ ಬೀಳುವುದು ಒಂದು ಹೆಣ್ಣುದನಿ. ದನಿಯ ಒಡತಿ ಎಲ್ಲೂ ಕಾಣುವುದಿಲ್ಲ. ಹೋಟೆಲಿನ ಗಲ್ಲಾದ ಮೇಲಿಟ್ಟ ಅಂಗೈಯಗಲದ ಡಬ್ಬಿಯೊಳಗಿಂದ ಇಪ್ಪತ್ತು ರೂಪಾಯಿ ಬಂತೆಂದು, ನಲವತ್ತು ರೂಪಾಯಿ ಬಂತೆಂದು ಆಕೆ ಪುಸ್ತಕದ ಕನ್ನಡದಲ್ಲಿ ಸಾರುತ್ತಿರುತ್ತಾಳೆ. ಸುತ್ತ ನಿಂತವರ ಬಾಯಲ್ಲಿ ರಾಯಚೂರು ಸೀಮೆಯ ಮಾತು, ನಡುನಡುವೆ ಉರ್ದು, ತೆಲುಗು. ಮಂಡಾಳ ವಗ್ಗರಣಿಯ ತಟ್ಟೆ ಹಿಡಿದವರು ಯಾರೂ ಆ ಸಾರುವ ದನಿಗೆ ತಲೆ ಎತ್ತುವುದಿಲ್ಲ. ಅದನ್ನು ಕೇಳಬೇಕಾದವನು ಬಾಣಲೆಯ ಮುಂದೆ ನಿಂತ ಹೋಟೆಲಿನವನು. ಕೈ ಕಡಲೆಹಿಟ್ಟಿನಲ್ಲಿ ಮುಳುಗಿದ್ದರೂ ಯಾರ ದುಡ್ಡು ಬಂತು, ಯಾರದು ಬರಲಿಲ್ಲ ಎಂಬುದು ಅವನಿಗೆ ತಿಳಿಯುತ್ತದೆ. ಫೋನಿನಿಂದಲೇ ದುಡ್ಡು ಕಳಿಸುವ ಈ ಯುಪಿಐ ದೇಶದಲ್ಲಿ ಶುರುವಾದದ್ದು 2016ರಲ್ಲಿ. ಚಿಲ್ಲರೆ ಇಲ್ಲವೆಂದು ಚಾಕಲೇಟು ಕೊಡುವ, ನಾಳೆ ಕೊಡಿ ಎಂದು ಬಾಕಿ ಬಿಡುವ ತಾಪತ್ರಯದಿಂದ ಇಂಥ ಸಣ್ಣ ಅಂಗಡಿಗಳು ಪಾರಾಗಿವೆ. ರಾತ್ರಿ ಲೆಕ್ಕ ಕೂಡಿಸುವಾಗ ಬರುತ್ತಿದ್ದ ತಲೆನೋವು ಎಷ್ಟೋ ಇಳಿದಿದೆ ಎಂದು ಅಂಗಡಿಕಾರರೇ ಹೇಳುತ್ತಾರೆ.

ನೀರಮಾನ್ವಿ ಹೆಸರು ಹೇಳಿದರೆ ಈ ಜಿಲ್ಲೆಯಲ್ಲಿ ಎಲ್ಲರಿಗೂ ನೆನಪಾಗುವುದು ಯಲ್ಲಮ್ಮನ ಜಾತ್ರೆ. ಮಾನ್ವಿ, ಸಿರವಾರ, ದೇವದುರ್ಗ, ರಾಯಚೂರು ಕಡೆಯ ಹಾದಿಗಳೆಲ್ಲ ಆ ದಿನಗಳಲ್ಲಿ ಇತ್ತ ತಿರುಗುತ್ತವೆ. ಟ್ರ್ಯಾಕ್ಟರಿನ ಟ್ರೇಲಿಯಲ್ಲಿ ಕೂತ ಹೆಂಗಸರು ಮಡಿಲಲ್ಲಿ ಬುತ್ತಿ ಹಿಡಿದಿರುತ್ತಾರೆ, ಅವರ ಮಕ್ಕಳು ಕೈ ಮೇಲೆತ್ತಿ ಫೋನು ಹಿಡಿದಿರುತ್ತಾರೆ. ಭಂಡಾರ ಹಾರಿದ್ದೂ ಚೌಡಕಿ ನುಡಿದದ್ದೂ ಅದೇ ಗಳಿಗೆಯಲ್ಲಿ ಬೆಂಗಳೂರಿನ ಯಾವುದೋ ಕಟ್ಟಡದ ಏಳನೇ ಅಂತಸ್ತಿನಲ್ಲಿ ಇಟ್ಟಂಗಿ ಹೊರುವವನಿಗೆ ಕಾಣುತ್ತದೆ. ಜಾತ್ರೆಗೆ ಬರಲಾಗದವನು ಹೆಲ್ಮೆಟ್ ತೆಗೆದು ಫೋನಿಗೇ ಕೈ ಮುಗಿಯುತ್ತಾನೆ.

ಉಳಿದ ದಿನಗಳಲ್ಲಿ ಇದು ಒಂದು ಸಾಮಾನ್ಯ ಹಳ್ಳಿ. ಬೇವಿನ ಮರ, ಜಾಲಿಯ ಮುಳ್ಳು, ಮಾಳಿಗೆಯ ಹಳೆಯ ಮನೆಗಳ ಪಕ್ಕ ಸ್ಲ್ಯಾಬಿನ ಹೊಸ ಮನೆಗಳು, ಹೊರಗೆ ಹಾಕಿದ ಹೊರಸು. ಆ ಹೊರಸಿನ ಮೇಲೆ ಕೂತವರ ಕೈ ನೋಡಿದರೆ ಮನೆಯ ಸ್ಥಿತಿ ಗೊತ್ತಾಗುತ್ತದೆ. ಮುದುಕರ ಜೇಬಿನಲ್ಲಿ ಗುಂಡಿ ಒತ್ತುವ ಡಬ್ಬಾ ಫೋನು, ರಬ್ಬರ್ ಬ್ಯಾಂಡು ಸುತ್ತಿದ್ದು. ಹರೆಯದವರ ಕೈಯಲ್ಲಿ ಟಚ್ ಫೋನು, ಗಾಜು ಒಡೆದಿದ್ದರೂ ಕೆಲಸ ಮಾಡುವಂಥದ್ದು. ತಿಂಗಳ ರೀಚಾರ್ಜಿಗೆ 300 ರೂಪಾಯಿಯ ಹತ್ತಿರ ಬೇಕು. ಅದೂ ತಿಂಗಳಿಗಲ್ಲ, 28 ದಿನಕ್ಕೆ. ಅಂದರೆ ಕಂಪನಿಗಳ ವರ್ಷಕ್ಕೆ ಹದಿಮೂರು ತಿಂಗಳು. 2025-26ರಲ್ಲಿ ಕರ್ನಾಟಕಕ್ಕೆ ಗೊತ್ತುಮಾಡಿದ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಒಂದು ದಿನದ ಮಣ್ಣು ಅಗೆತದ ಬಹುಪಾಲು ಒಂದು ರೀಚಾರ್ಜಿಗೆ ಹೋಗುತ್ತದೆ. ಇಷ್ಟು ಕೊಟ್ಟು ಇವರು ಏನು ಕೊಳ್ಳುತ್ತಾರೆ ಎಂದು ಪೇಟೆಯವರು ಕೇಳುವುದುಂಟು. ಆ ಪ್ರಶ್ನೆಗೆ ಉತ್ತರ ಸಂಜೆ ಏಳು ಗಂಟೆ ದಾಟಿದ ಮೇಲೆ ಸಿಗುತ್ತದೆ.

ಈ ಸೀಮೆಯ ಒಣಬೇಸಾಯದ ಮನೆಗಳಿಗೆ ಗುಳೆ ಹೊಸದಲ್ಲ. ಸುಗ್ಗಿ ಮುಗಿದು ಹೊಲದಲ್ಲಿ ಕೆಲಸವಿಲ್ಲದಾಗ ಗಂಡ ಹೆಂಡತಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಕಟ್ಟಡದ ಕೆಲಸ, ತಗಡಿನ ಶೆಡ್ಡಿನಲ್ಲಿ ವಾಸ. ಶಾಲೆಗೆ ಹೋಗುವ ಮಕ್ಕಳನ್ನೂ ಹಾಲು ಬಿಟ್ಟ ಕೂಸುಗಳನ್ನೂ ಮುದುಕಿಯರ ಬಳಿ ಬಿಡುತ್ತಾರೆ. ಬಿಡುವಾಗ ಬಟ್ಟೆ, ಜೋಳ, ಒಂದಿಷ್ಟು ದುಡ್ಡಿನ ಜೊತೆಗೆ ಒಂದು ಟಚ್ ಫೋನನ್ನೂ ಬಿಟ್ಟುಹೋಗುತ್ತಾರೆ. ಇಂಥ ಒಂದು ಮನೆಯ ಅಂಗಳದಲ್ಲಿ ಆ ಹೊತ್ತಿಗೆ ನಡೆಯುವುದನ್ನು ಹತ್ತಿರದಿಂದ ನೋಡಿದವರು ಯಂತ್ರವನ್ನು ಸುಮ್ಮನೆ ಶಪಿಸಲಾರರು.

ಮುದುಕಿಗೆ ಓದು ಬಾರದು. ಮಗಳ ಸಣ್ಣ ಪಟ ನೋಡಿ ಅದರ ಮೇಲೆ ಬೆರಳಿಡುತ್ತಾಳೆ. “ಹಸುರು ಒತ್ತಿದ್ರ ಮಗಳು, ಕೆಂಪು ಒತ್ತಿದ್ರ ಕತ್ಲಿ” ಎಂಬುದು ಅವಳು ಕಲಿತ ಪಾಠ. ಕರೆ ಕೂಡಿದೊಡನೆ ಹಳೆಯ ರೂಢಿಯಂತೆ ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತಾಳೆ.

“ಯವ್ವಾ, ಕಿವಿ ಕಾಣಾಕತ್ತೈತಿ, ಮುಖ ತೋರ್ಸು.”

“ಹಾಂ, ಈಗ ಕಾಣ್ತನೇನು? ಉಂಡ್ಯಾ?”

“ಇನ್ನಾ ಇಲ್ಲ. ಈಗ ಬಂದ್ವಿ. ಅಂವಾ ಎಲ್ಲಿ?”

ಅಂವಾ ಎಂದರೆ ಮೂರು ವರ್ಷದ ಹುಡುಗ. ಅವನು ಆಗಲೇ ಮುದುಕಿಯ ತೊಡೆ ಏರಿ ಗಾಜಿಗೆ ಮೂಗು ತಾಗಿಸಿದ್ದಾನೆ. ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಅವ್ವನ ಬಾಯಿಗೆ ಇಡಲು ಹೋಗುತ್ತಾನೆ. ಅಲ್ಲಿ ಅವಳು ಬಾಯಿ ತೆರೆದು ತಿಂದಂತೆ ಮಾಡುತ್ತಾಳೆ. ಗಾಜಿಗೆ ಪುಂಡಿಪಲ್ಯ ಮೆತ್ತುತ್ತದೆ. ಮುದುಕಿ ಸೆರಗಿನಿಂದ ಒರೆಸುತ್ತಾಳೆ, ಮಗಳ ಮುಖವನ್ನೂ ಅದರೊಂದಿಗೇ ಒರೆಸಿದ ಹಾಗೆ. ಹಿಂದೆ ಅವಳ ಗಂಡ ಒಲೆಗೆ ಸೌದೆ ತುರುಕುವುದು, ತಗಡಿನ ಗೋಡೆಗೆ ಸಿಕ್ಕಿಸಿದ ಬಟ್ಟೆಗಳು, ಪಕ್ಕದ ಶೆಡ್ಡಿನವರ ಜಗಳ ಎಲ್ಲವೂ ನೀರಮಾನ್ವಿಯ ಅಂಗಳಕ್ಕೆ ಬರುತ್ತದೆ. ಹುಡುಗನನ್ನು ಅವ್ವ ಎಲ್ಲಿದ್ದಾಳೆ ಎಂದು ಕೇಳಿದರೆ ಅವನು ಬೆಂಗಳೂರು ಎನ್ನುವುದಿಲ್ಲ. “ಫೋನಿನ್ಯಾಗ ಅದಾಳ” ಎನ್ನುತ್ತಾನೆ.

ಹಿಂದೆ ಹೀಗಿರಲಿಲ್ಲ. ಗುಳೆ ಹೋದವರ ಸುದ್ದಿ ಮೇಸ್ತ್ರಿ ಊರಿಗೆ ಬಂದಾಗ ಬರುತ್ತಿತ್ತು. ಆಮೇಲೆ ಹಳದಿ ಹಲಗೆಯ ಎಸ್‌ಟಿಡಿ ಬೂತುಗಳು ಬಂದವು. ಇಂಥ ವಾರ ಇಷ್ಟು ಹೊತ್ತಿಗೆ ಬರಹೇಳಿ ಎಂದು ಗುಳೆ ಹೋದವರು ಬೂತಿನವನಿಗೆ ಮೊದಲೇ ತಿಳಿಸಿದರೆ, ಮುದುಕಿಯರು ಬಂದು ಕಾದು ಕೂತು, ಆಚೆ ಮೀಟರು ಓಡುತ್ತಿದೆಯೆಂದು ಅರ್ಧ ಮಾತು ನುಂಗಿ ಮನೆಗೆ ಮರಳುತ್ತಿದ್ದರು. ಕೂಸಿಗೆ ಜ್ವರ ಬಂದದ್ದು ತಾಯಿಗೆ ತಿಳಿಯುವ ಹೊತ್ತಿಗೆ ಜ್ವರ ಬಿಟ್ಟಿರುತ್ತಿತ್ತು, ಇಲ್ಲವೆ ಕೂಸೇ ಇರುತ್ತಿರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಈ ಸೀಮೆಯ ಬಡವರಿಗೆ ದಕ್ಕಿದ ಅತಿ ದೊಡ್ಡ ಸುಖ ಇದೇ ಎಂದು ನಾನು ನಂಬಿದ್ದೇನೆ. ನಾಲ್ಕು ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಮಲಗುವ ತಾಯಿಗೆ ಮಗು ಉಂಡದ್ದು ಕಣ್ಣಾರೆ ಕಾಣುತ್ತದೆ. ಇದನ್ನು ಸಣ್ಣದೆನ್ನುವವರು ಮಕ್ಕಳನ್ನು ಬಿಟ್ಟು ದುಡಿಯಲು ಹೋದವರಲ್ಲ.

ಕಷ್ಟ ಶುರುವಾಗುವುದು ಕರೆ ಮುಗಿದ ಮೇಲೆ. ಅವ್ವನ ಮುಖ ಹೋಗಿ ಗಾಜು ಕಪ್ಪಾಗುತ್ತದೆ. ಹುಡುಗ ಫೋನು ಬಿಡುವುದಿಲ್ಲ. ಮುದುಕಿಗೆ ಮುಸುರೆ ಉಳಿದಿದೆ, ಎಮ್ಮೆಗೆ ಮೇವು ಹಾಕಬೇಕು, ಮೊಣಕಾಲು ಕೇಳುವುದಿಲ್ಲ. ಹುಡುಗನ ಬೆರಳು ತಾನಾಗಿಯೇ ಕೆಂಪು ಬಣ್ಣದ ಚೌಕಕ್ಕೆ ಹೋಗುತ್ತದೆ, ಹಾಡುವ ಬಸ್ಸು, ಕುಣಿಯುವ ಹಣ್ಣು, ಹಿಂದಿಯೋ ಇಂಗ್ಲಿಷೋ ತಿಳಿಯದ ಮಾತು. ಅವನು ಅಲುಗಾಡದೆ ಕೂರುತ್ತಾನೆ. ಮುದುಕಿ ಮುಸುರೆ ತಿಕ್ಕಿ ಬರುತ್ತಾಳೆ. “ಕಸಗೊಂಡ್ರ ಅಳ್ತಾನ್ರೀ. ಹಂಗಿಂಗ ಅಳು ಅಲ್ಲ, ಅವ್ವನ್ನ ಕಸಗೊಂಡಂಗ ಅಳ್ತಾನ.”

ಮಕ್ಕಳ ಮೊಬೈಲ್ ಹುಚ್ಚಿನ ಬಗ್ಗೆ ಪೇಟೆಯಲ್ಲಿ ಕೇಳುವ ಉಪದೇಶಗಳಲ್ಲಿ ಈ ಅಳು ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡವೆಂದಿದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲಿ ಕೊಟ್ಟ ಸಲಹೆಯಲ್ಲಿ ಒಂದೂವರೆ ವರ್ಷದೊಳಗಿನ ಮಕ್ಕಳಿಗೂ ವಿಡಿಯೊ ಕರೆಯನ್ನು ಮಾತ್ರ ಬಿಟ್ಟುಕೊಟ್ಟಿದೆ. ಏಕೆಂದರೆ ಕರೆಯಲ್ಲಿ ಆಚೆ ಮನುಷ್ಯರೊಬ್ಬರಿದ್ದಾರೆ. ಕೂಸು ನಕ್ಕರೆ ಅವರು ನಗುತ್ತಾರೆ, ಕೂಸು ಕೂಗಿದರೆ ತಿರುಗುತ್ತಾರೆ. ಹಾಡುವ ಬಸ್ಸು ಹುಡುಗ ಅತ್ತರೂ ಹಾಡುತ್ತದೆ, ಸುಮ್ಮನಾದರೂ ಹಾಡುತ್ತದೆ. ಮಾತು ಕಲಿಯುವ ವಯಸ್ಸಿನಲ್ಲಿ ಮಗುವಿಗೆ ಬೇಕಾದದ್ದು ತನ್ನ ಮಾತಿಗೆ ಬರುವ ಮರುಮಾತು. ಆದ್ದರಿಂದ ಎಷ್ಟು ಗಂಟೆ ನೋಡಿದ ಎನ್ನುವುದಕ್ಕಿಂತ ನೋಡುವಾಗ ಪಕ್ಕದಲ್ಲಿ ಯಾರಿದ್ದರು ಎಂದು ಕೇಳಬೇಕು. ಗುಳೆಯ ಮನೆಗಳಲ್ಲಿ ಆ ಪಕ್ಕದ ಜಾಗ ಖಾಲಿ ಇದೆ. ಫೋನು ಬರುವ ಮೊದಲೇ ಅದು ಖಾಲಿಯಾಗಿತ್ತು.

ಪರದೆಯನ್ನು ಕೂಡಿ ನೋಡುವುದು ಎಂದಾಗ ಈ ಜಿಲ್ಲೆಯದೇ ಒಂದು ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಇಸ್ರೋ ನಡೆಸಿದ ಸೈಟ್ ಎಂಬ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ಬಂತು. ಕರ್ನಾಟಕದಿಂದ ಆಯ್ದ ಜಿಲ್ಲೆಗಳು ಮೂರು. ವಿಜಾಪುರ, ಗುಲ್ಬರ್ಗ, ರಾಯಚೂರು. ಬೆಂಗಳೂರಿನ ಜನ ಟೀವಿ ಕಾಣುವ ಮೊದಲೇ ರಾಯಚೂರು ಜಿಲ್ಲೆಯ ಹಳ್ಳಿಯ ಜನ ಶಾಲೆಯ ಅಂಗಳದಲ್ಲಿ ಕೂತು ಟೀವಿ ನೋಡಿದ್ದರು. ಮೇಲೆ ಕೋಳಿಗೂಡಿನ ಬಲೆತಂತಿಯಿಂದ ಮಾಡಿದ ದೊಡ್ಡ ತಟ್ಟೆಯಂಥ ಆಂಟೆನಾ. ಬೆಳಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಹಾಡು, ನಾಟಕ. ಊರಿಗೊಂದೇ ಪೆಟ್ಟಿಗೆ. ಮುಂದೆ ಮಕ್ಕಳು, ಒಂದು ಕಡೆ ಹೆಂಗಸರು, ಹಿಂದೆ ಗೋಡೆಗೆ ಒರಗಿ ನಿಂತ ಗಂಡಸರು. ಕಾರ್ಯಕ್ರಮ ಮುಗಿದೊಡನೆ ಪೆಟ್ಟಿಗೆ ಮುಚ್ಚಿ ಬೀಗ ಹಾಕಿದರೆ ಜನ ಅದರ ಬಗ್ಗೆ ಮಾತಾಡುತ್ತ ಮನೆಗೆ ಹೋಗಬೇಕು. ವರ್ಷ ತುಂಬಿದ ಮೇಲೆ ಉಪಗ್ರಹ ಮರಳಿ ಹೋಯಿತು. ಗುಲ್ಬರ್ಗದಲ್ಲಿ 1977ರಲ್ಲಿ ಪ್ರಸಾರ ಕೇಂದ್ರ ಬಂತು, ಬೆಂಗಳೂರು ದೂರದರ್ಶನ ಶುರುವಾದದ್ದು 1981ರಲ್ಲಿ.

ಆ ಪೆಟ್ಟಿಗೆ ಇಟ್ಟವರಿಗೆ ಹಳ್ಳಿಯವರ ಮೇಲೆ ದೊಡ್ಡವರ ಗತ್ತು ಇತ್ತು, ಕಲಿಸುವ ಹಟವೂ ಇತ್ತು. ಆದರೂ ಅದರಲ್ಲಿ ಎರಡು ಗುಣಗಳಿದ್ದವು. ಒಂದು, ಜೊತೆಗೆ ಕೂತು ನೋಡುವುದು. ಇನ್ನೊಂದು, ಅದಕ್ಕೆ ಕೊನೆ ಇರುವುದು. ನಮ್ಮ ಬಯಲಾಟವೂ ಹಾಗೆಯೇ. ರಾತ್ರಿಯಿಡೀ ನಡೆದರೂ ಬೆಳಗಿನ ಜಾವಕ್ಕೆ ಮಂಗಳ ಹಾಡುತ್ತಾರೆ, ಜನ ಕಂಬಳಿ ಕೊಡವಿಕೊಂಡು ಏಳುತ್ತಾರೆ. ಇಂದಿನ ರೀಲ್‌ಗೆ ಮಂಗಳವಿಲ್ಲ. ಹೆಬ್ಬೆರಳು ಮೇಲಕ್ಕೆ ತಳ್ಳಿದಷ್ಟೂ ಕೆಳಗಿನಿಂದ ಇನ್ನೊಂದು ಏಳುತ್ತದೆ. ಅದು ಹಾಗೆ ತಾನಾಗಿ ಆದದ್ದಲ್ಲ, ಜನ ಎದ್ದು ಹೋಗಬಾರದೆಂದೇ ಹಾಗೆ ಕಟ್ಟಿದ್ದಾರೆ. ನೋಡುವವನ ಹೊತ್ತೇ ಅವರ ವ್ಯಾಪಾರ.

ಬೇಸಿಗೆಯಲ್ಲಿ ಇದು ಮಾಳಿಗೆಯ ಮೇಲೆ ಚೆನ್ನಾಗಿ ಕಾಣುತ್ತದೆ. ರಾಯಚೂರಿನ ಬಿಸಿಲು ನಲವತ್ತು ಡಿಗ್ರಿ ದಾಟಿ ನಿಂತಿರುವ ದಿನಗಳಲ್ಲಿ ಮನೆಯೊಳಗೆ ಮಲಗಲಾಗದು. ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ 1720 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವಿರುವ ಜಿಲ್ಲೆ ಇದು. ಆದರೂ ಕರೆಂಟು ಹೋದ ರಾತ್ರಿ ಚಾಪೆ, ಕೌದಿ, ನೀರಿನ ಚೊಂಬು ಹಿಡಿದು ಎಲ್ಲರೂ ಮೇಲೆ ಹೋಗುತ್ತಾರೆ. ಮಲಗಿದ ಮೇಲೆ ಸುಮಾರು ಹೊತ್ತು ಮಾತು ನಡೆಯುವುದು ವಾಡಿಕೆ. ಯಾರ ಎತ್ತು ಎಷ್ಟಕ್ಕೆ ಹೋಯಿತು, ಯಾರ ಮನೆಗೆ ಬೀಗರು ಬಂದರು, ಹತ್ತಿಗೆ ಎಷ್ಟು ದರ. ಪಕ್ಕದ ಮಾಳಿಗೆಯವರೂ ಅಲ್ಲಿಂದಲೇ ಸೇರಿಕೊಳ್ಳುತ್ತಿದ್ದರು. ಈಗಲೂ ಮುದುಕರು ಮಾತು ತೆಗೆಯುತ್ತಾರೆ. ಉತ್ತರ ತಡವಾಗಿ ಬರುತ್ತದೆ, ಅಥವಾ “ಹೂಂ” ಎಂದಷ್ಟೇ ಬರುತ್ತದೆ. ಒಂದೊಂದು ಚಾಪೆಯ ಮೇಲೂ ನೀಲಿ ಬೆಳಕು ಬಿದ್ದ ಒಂದೊಂದು ಮುಖ. ಕಣ್ಣಿಗೆ ಹತ್ತಿರ ಬೆಳಕು ಬಿದ್ದಷ್ಟು ಹೊತ್ತು ನಿದ್ದೆ ತರುವ ಮೆಲಟೋನಿನ್ ಎಂಬ ರಸ ಮೈಯಲ್ಲಿ ಸರಿಯಾಗಿ ಊರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನೋಡಿದ್ದು ಮನಸ್ಸನ್ನು ಎಬ್ಬಿಸಿಡುತ್ತದೆ. ಹನ್ನೆರಡು ದಾಟಿ ಮಲಗಿದವರು ಐದಕ್ಕೆ ಎದ್ದು ಹೊಲಕ್ಕೆ ಹೋಗಬೇಕು. ಕಚೇರಿಯವರಿಗೆ ನಿದ್ದೆಗೆಟ್ಟರೆ ಆಕಳಿಕೆ. ಟ್ರ್ಯಾಕ್ಟರು ಓಡಿಸುವವನಿಗೆ, ಮೇವು ಕತ್ತರಿಸುವ ಯಂತ್ರಕ್ಕೆ ಕೈ ಕೊಡುವವನಿಗೆ ಅದು ಕೈಯನ್ನೇ ಕೇಳಬಹುದು.

ಹತ್ತಿ ಬಿಡಿಸುವ ಕಾಲದಲ್ಲಿ ಹೊಲಕ್ಕೆ ಹೋದರೆ ಇನ್ನೊಂದು ಚಿತ್ರ. ಸೊಂಟಕ್ಕೆ ಉಡಿ ಕಟ್ಟಿಕೊಂಡ ಹೆಂಗಸರು ಸಾಲು ಹಿಡಿದಿದ್ದಾರೆ. ಯಾರದೋ ಸೆರಗಿನ ಗಂಟಿನೊಳಗಿಂದ ಹಾಡು ಬರುತ್ತಿದೆ. ಒಮ್ಮೆ ಯಲ್ಲಮ್ಮನ ಪದ, ಒಮ್ಮೆ ಸಿನಿಮಾ ಹಾಡು, ಒಮ್ಮೆ ತೆಲುಗು ಜನಪದ. ಬಿಸಿಲಿನಲ್ಲಿ ಬಗ್ಗಿ ನಿಂತವರಿಗೆ ಅದು ಹೊತ್ತು ತಳ್ಳುವ ಜೊತೆ. ಹಿಂದೆ ಇದೇ ಸಾಲಿನಲ್ಲಿ ಒಬ್ಬಾಕೆ ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ಈಗ ಫೋನು ಹಾಡುತ್ತದೆ, ಇವರು ಕೇಳುತ್ತಾರೆ. ಆ ಪದಗಳು ಕಳೆದುಹೋಗುತ್ತಿವೆ ಎಂದು ನನಗೆ ನೋವಿದೆ. ಆದರೆ ಪದಗಳಿಗಾಗಿ ಹೆಂಗಸರು ಬೀಸುಕಲ್ಲಿನ ಮುಂದೆ ಮತ್ತೆ ಕೂರಲಿ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕೋಳಿ ಕೂಗುವ ಮೊದಲೇ ಎದ್ದು ಜೋಳ ಬೀಸಿ ರಟ್ಟೆ ಕಳೆದುಕೊಂಡವರಿಗೆ ಹಿಟ್ಟಿನ ಗಿರಣಿ ಬಂದದ್ದು ಬಿಡುಗಡೆ. ಮಿಕ್ಸಿ, ಗ್ಯಾಸು, ನೀರೆತ್ತುವ ಮೋಟಾರು, ಇವುಗಳಿಂದ ಸೊಂಟ ಉಳಿದ ಹೆಂಗಸರು ಪ್ರತಿ ಓಣಿಯಲ್ಲಿದ್ದಾರೆ. 2023ರಲ್ಲಿ ಬಂದ ಗೃಹಜ್ಯೋತಿಯ ಪುಕ್ಕಟೆ ಕರೆಂಟಿನಿಂದ ಫ್ಯಾನು ಹಚ್ಚಲು ಹೆದರಬೇಕಿಲ್ಲ. ಮನೆಯ ಯಂತ್ರಗಳಲ್ಲಿ ಇವು ಕೇಳುವುದು ಕಡಿಮೆ, ಕೊಡುವುದು ಹೆಚ್ಚು. ಕೆಲಸ ಮುಗಿದರೆ ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿರುತ್ತವೆ.

ಕಿವಿಯ ಮಾತು ಬೇರೆ. ಹರೆಯದವರು ಕಿವಿಯೊಳಗೆ ಸಿಕ್ಕಿಸಿಕೊಂಡು ಹಾಡು ಕೇಳುತ್ತ ಗಾಡಿ ಓಡಿಸುತ್ತಾರೆ, ಮದುವೆ ಮೆರವಣಿಗೆಯಲ್ಲಿ ಡಿಜೆಯ ಪೆಟ್ಟಿಗೆಗೆ ಎದೆಯೊಡ್ಡಿ ಕುಣಿಯುತ್ತಾರೆ. ದೊಡ್ಡವರ ಕಿವಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ತಾಳಬಲ್ಲುದು, 90 ಡೆಸಿಬಲ್ ಆದರೆ ನಾಲ್ಕೇ ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೂರಕ್ಕೆ ಏರಿದರೆ ವಾರಕ್ಕೆ ಇಪ್ಪತ್ತು ನಿಮಿಷದ ಆಸುಪಾಸು. ಒಳಗಿವಿಯ ಸಣ್ಣ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಫೋನು ಈ ಊರಿನಲ್ಲಿ ಬರೀ ಮನರಂಜನೆಯೂ ಅಲ್ಲ, ಹಾಜರಿ ಪುಸ್ತಕವೂ ಹೌದು. ಖಾತ್ರಿ ಕೆಲಸದಲ್ಲಿ ದಿನಕ್ಕೆ ಎರಡು ಸಲ ಆ್ಯಪಿನಲ್ಲಿ ಪಟ ತೆಗೆದು ಹಾಜರಿ ಹಾಕುವುದು 2023ರ ಜನವರಿಯಿಂದ ಕಡ್ಡಾಯವಾಯಿತು. ಕೂಲಿಗಳ ಹಾಜರಿ ನೋಡುವ ಕಾಯಕ ಬಂಧು ಫೋನು ಹಿಡಿದು ಒಡ್ಡು ಏರುತ್ತಾಳೆ. ನೆಟ್ ಸಿಗುವುದಿಲ್ಲ, ಇಳಿಯುತ್ತಾಳೆ, ಬೇವಿನ ಮರದ ಕಡೆ ಹೋಗುತ್ತಾಳೆ. ಬೆಳಗ್ಗೆ ಬೇಗ ಬಂದು ತಮ್ಮ ಪಾಲಿನ ಗುಂಡಿ ತೋಡಿ ಮುಗಿಸಿದವರು ಎರಡನೇ ಪಟಕ್ಕಾಗಿ ಬಿಸಿಲಲ್ಲಿ ಕಾಯುತ್ತಾರೆ. ಪಟ ಹೋಗದಿದ್ದರೆ ಕೂಲಿ ಹೋಯಿತೇ ಎಂಬ ಭಯ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು. ಮೆಣಸಿನಕಾಯಿ ಬಿಡಿಸಿ, ಸಿಮೆಂಟು ಕಲಸಿ ಸವೆದ ಬೆರಳನ್ನು ಯಂತ್ರ ಗುರುತು ಹಿಡಿಯುವುದಿಲ್ಲ. ಒರೆಸಿ, ಎಣ್ಣೆ ಹಚ್ಚಿ, ಮತ್ತೆ ಒತ್ತಿ, ಮತ್ತೆ ಒತ್ತಿ. “ಬೆಳ್ಳು ಸವದಾವ್ರೀ, ದುಡುದು ಸವದಾವ” ಎನ್ನುತ್ತಾಳೆ ಸಾಲಿನಲ್ಲಿ ನಿಂತವಳು. ಗೃಹಲಕ್ಷ್ಮಿಯ ಎರಡು ಸಾವಿರ ಬಂತೋ ಇಲ್ಲವೋ ಎಂಬುದೂ ಒಂದು ಮೆಸೇಜಿನ ಸದ್ದಿನಲ್ಲಿದೆ. ಯಾವ ಸದ್ದು ಬ್ಯಾಂಕಿನದು, ಯಾವುದು ಮೋಸಗಾರನದು ಎಂದು ತಿಳಿಯದೆ ಮುದುಕಿಯರು ಪ್ರತಿ ಸದ್ದಿಗೂ ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಾರೆ. ಆರೋಗ್ಯ ಎಂದಾಗ ಕಣ್ಣು ಕಿವಿಗಳ ಲೆಕ್ಕ ಮಾತ್ರ ಸಾಲದು. ತನ್ನ ಕೂಲಿ, ತನ್ನ ಅಕ್ಕಿ ತನಗೆ ಓದಲು ಬಾರದ ಒಂದು ಗಾಜಿನೊಳಗೆ ಸಿಕ್ಕಿಕೊಂಡಿದೆ ಎಂಬ ದಿಗಿಲನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ಹುಡುಗರ ಕಷ್ಟ ಇನ್ನೂ ಗುಟ್ಟಿನದು. ಊರಾಚೆಯ ಕಟ್ಟೆಯ ಮೇಲೆ ನಾಲ್ವರು ಒಂದೇ ಫೋನಿನೊಳಗೆ ಬಗ್ಗಿದ್ದಾರೆಂದರೆ ಮೊದಲು ಕ್ರಿಕೆಟ್ ಎಂದುಕೊಳ್ಳುತ್ತಿದ್ದೆವು. ಆಮೇಲೆ ಅದರಲ್ಲಿ ದುಡ್ಡಿನ ಆಟ ಸೇರಿತು, ಆಟಕ್ಕೆ ಸಾಲ ಕೊಡುವ ಆ್ಯಪುಗಳೂ ಬಂದವು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು 2025ರ ಆಗಸ್ಟಿನಲ್ಲಿ ಸಂಸತ್ತಿನಲ್ಲಿ ಪಾಸಾಯಿತು. ಬೇಕಾಗಿದ್ದ ಕಾನೂನು. ಅಷ್ಟರಲ್ಲಿ ಕಳೆದುಕೊಂಡವರು ಮನೆಯಲ್ಲಿ ಹೇಳಲಾರದೆ ಒಳಗೇ ಬೇಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮುಗಳ ಅತಿಬಳಕೆಗೆಂದೇ ‘ಶಟ್’ ಎಂಬ ಕ್ಲಿನಿಕ್ 2014ರಿಂದ ಇದೆ. 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ಯಾರು ಬೇಕಾದರೂ ಪುಕ್ಕಟೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಐದು ಅಂಕಿಗಳನ್ನು ರೀಚಾರ್ಜ್ ಅಂಗಡಿಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿರಬೇಕಿತ್ತು. ಸಾಲದ ಆ್ಯಪಿನ ಜಾಹೀರಾತು ತಲುಪಿದ ಕಡೆಯೆಲ್ಲ ಈ ಸಂಖ್ಯೆಯೂ ತಲುಪಬೇಕು.

ಹಾಗಾದರೆ ಊರು ಏನು ಮಾಡಬಹುದು? ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ವಡಗಾಂವ್‌ನಲ್ಲಿ 2022ರಿಂದ ಸಂಜೆ ಏಳಕ್ಕೆ ಗುಡಿಯಿಂದ ಸೈರನ್ ಕೂಗುತ್ತದೆ. ಒಂದೂವರೆ ಗಂಟೆ ಊರಿನ ಟೀವಿ, ಮೊಬೈಲುಗಳು ಬಂದ್. ನಮ್ಮ ಬೆಳಗಾವಿ ತಾಲ್ಲೂಕಿನ ಹಲಗಾದಲ್ಲೂ 2025ರಲ್ಲಿ ಏಳರಿಂದ ಒಂಬತ್ತರವರೆಗೆ ಹಾಗೇ ಮಾಡಲು ಊರವರು ನಿಶ್ಚಯಿಸಿದರು. ಊರಿಗೆ ಊರೇ ಕೂಡಿ ತನಗೆ ತಾನೇ ಕಟ್ಟು ಹಾಕಿಕೊಂಡದ್ದು ಮೆಚ್ಚುವ ಸಂಗತಿ. ಒಬ್ಬ ತಾಯಿ ತನ್ನ ಮಗನ ಕೈಯಿಂದ ಫೋನು ಕಿತ್ತರೆ ಜಗಳ, ಊರೇ ಇಟ್ಟರೆ ನಡವಳಿ. ಆದರೆ ಅದೇ ಏಳು ಗಂಟೆಯ ಸೈರನ್ನನ್ನು ತಂದು ನೀರಮಾನ್ವಿಯಲ್ಲಿ ಕೂಗಿಸಲಾಗದು. ಬೆಂಗಳೂರಿನ ಕೆಲಸ ಬಿಟ್ಟು ಶೆಡ್ಡಿಗೆ ಬಂದು ಕೈಕಾಲು ತೊಳೆದು ತಾಯಂದಿರು ಕರೆ ಮಾಡುವ ಹೊತ್ತು ಅದೇ. ಇಲ್ಲಿಯ ಮಕ್ಕಳಿಗೆ ಎರಡು ಗಂಟೆ ಫೋನು ಬಂದ್ ಎಂದರೆ ಎರಡು ಗಂಟೆ ಅವ್ವ ಬಂದ್. ಯಾವ ಹೊತ್ತಿಗೆ ಮುಚ್ಚಬೇಕು, ಯಾವ ಹೊತ್ತಿಗೆ ತೆರೆಯಬೇಕು ಎಂಬುದನ್ನು ಈ ಊರಿನ ಮುದುಕಿಯರೇ ಕೂತು ಗೊತ್ತುಮಾಡಬೇಕು.

ಪಕ್ಕದ ಖಾಲಿ ಜಾಗಕ್ಕೆ ಮನುಷ್ಯರನ್ನು ಕೂರಿಸುವ ಏರ್ಪಾಡುಗಳು ಸರ್ಕಾರದ ಬಳಿ ಇಲ್ಲದಿಲ್ಲ. 2020ರ ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಶಿಕ್ಷಣ ಇಲಾಖೆ ಮಕ್ಕಳನ್ನು ಟಚ್ ಫೋನ್ ಇರುವವರು, ಸಣ್ಣ ಫೋನ್ ಇರುವವರು, ಏನೂ ಇಲ್ಲದವರು ಎಂದು ವಿಂಗಡಿಸಿತು. ಏನೂ ಇಲ್ಲದವರನ್ನು ಕೈಬಿಡದೆ ವಿದ್ಯಾಗಮ ಎಂಬ ಹೆಸರಿನಲ್ಲಿ ಶಿಕ್ಷಕರೇ ಓಣಿಗೆ ಬಂದರು. ಗುಡಿಯ ಕಟ್ಟೆ, ಮಸೀದಿಯ ಅಂಗಳ, ಮರದ ನೆರಳು ಶಾಲೆಯಾದವು. ಸೋಂಕಿನ ಭಯದಿಂದ ಅದು ಕೆಲವೇ ತಿಂಗಳಲ್ಲಿ ನಿಂತಿತು. ಆದರೆ ಮಗುವಿಗೂ ಪಾಠಕ್ಕೂ ನಡುವೆ ಗಾಜು ಇರಲೇಬೇಕೆಂದಿಲ್ಲ ಎಂದು ಹಳ್ಳಿಯ ಮೇಷ್ಟ್ರುಗಳು ಆಗ ತೋರಿಸಿಕೊಟ್ಟರು. ಅದೇ ವರ್ಷದ ನವೆಂಬರಿನಲ್ಲಿ ‘ಓದುವ ಬೆಳಕು’ ಹೆಸರಿನಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಶುರುವಾಯಿತು. ಆ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗೆ ‘ಕೂಸಿನ ಮನೆ’ಗಳಿವೆ. ಇವು ಸಂಜೆಯ ಹೊತ್ತೂ ತೆರೆದಿರಲಿ. ಕಥೆ ಹೇಳಲು, ಕೇರಂ ಆಡಿಸಲು, ಹುಡುಗನ ನೂರು ಪ್ರಶ್ನೆಗಳಿಗೆ ಬೇಸರಿಸದೆ ಮರುಮಾತು ಕೊಡಲು ಸಂಬಳದ ಮನುಷ್ಯರಿರಲಿ. ಬಿಸಿಲು ಇಳಿಯುವ ಹೊತ್ತಿಗೆ ಮಕ್ಕಳು ಬಯಲಿನಲ್ಲಿರಲಿ. ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಿಗೆ ದೂರದ ನೋಟ ಮಂಜಾಗುವ ತೊಂದರೆ ಕಡಿಮೆ ಎಂದು ಕಣ್ಣಿನ ವೈದ್ಯರು ಹೇಳುತ್ತಾರೆ.

ಇಷ್ಟಾದರೂ ಮೂಲದ ಪ್ರಶ್ನೆ ಹಾಗೇ ಉಳಿಯುತ್ತದೆ. ಆ ಹುಡುಗನ ಅವ್ವ ಫೋನಿನೊಳಗೆ ಏಕಿದ್ದಾಳೆ? ಮಾನ್ವಿ ತಾಲ್ಲೂಕಿನ ಕೊನೆಭಾಗದ ಹೊಲಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟುವುದೇ ಪ್ರತಿವರ್ಷದ ಹೋರಾಟ. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 106ರ ಒಳಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕಳಚಿಹೋದಾಗ ಇಡೀ ರಾಯಚೂರು ಜಿಲ್ಲೆ ನಿದ್ದೆ ಮಾಡಲಿಲ್ಲ, ಆ ರಾತ್ರಿ ಫೋನು ನೋಡುತ್ತ ಕೂತವರನ್ನು ಯಾರೂ ದೂರಲಾರರು. ಎರಡನೇ ಬೆಳೆಗೆ ನೀರು ಬಂದ ವರ್ಷ ನಾಟಿಗೆ, ಕಳೆಗೆ, ಕೊಯ್ಲಿಗೆ ಊರಿನಲ್ಲೇ ಕೂಲಿ ಹುಟ್ಟುತ್ತದೆ, ಬೆಂಗಳೂರಿನ ಬಸ್ಸಿಗೆ ಹತ್ತುವವರು ಕಡಿಮೆಯಾಗುತ್ತಾರೆ. ಬಾರದ ವರ್ಷ ಮನೆ ಮನೆಯ ಬಾಗಿಲಿಗೆ ಬೀಗ. ತಗಡಿನ ಶೆಡ್ಡಿನಿಂದ ಕರೆ ಮಾಡುವ ಮಗಳು ಮಗನ ಊಟ ವಿಚಾರಿಸಿದ ಮೇಲೆ ಮುದುಕಿಗೆ ಕೇಳುವ ಮಾತು ಇದೇ: “ಯವ್ವಾ, ಕಾಲುವಿಗೆ ನೀರು ಬಿಟ್ಟಾರೇನು? ಬಿಟ್ಟಿದ್ರ ಹೇಳು, ಮುಂದಿನ ವಾರನ ಬಂದುಬಿಡ್ತೀವಿ.”